ಮುಂದಿನ ಚಕ್ರ ಯಾರ ಕೈಯದು?

“ಹತ್ತೊಂಬತ್ತು,” ಎಂದ ದಫೇದಾರ, ಗೋಡೆಯ ಕಡೆ ಚಾಚಿದ ಬೆರಳನ್ನು ಇಳಿಸದೆ. “ಎರಡು ಸಲ ಎಣಿಸಿದೆ ಮೇಡಂ. ಹತ್ತೊಂಬತ್ತೂ ಮುಂದಿನ ಚಕ್ರಾನೇ. ಈ ಮೇಷ್ಟ್ರು ಸೈಕಲ್ ಇಟ್ಕೊಂಡಿದ್ರೋ, ಚಕ್ರಗಳ ಜೊತೆ ಸಂಸಾರ ಹೂಡಿದ್ರೋ?”

ಇನ್‌ಸ್ಪೆಕ್ಟರ್ ಗೋಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಒಂದೊಂದು ಚಕ್ರಕ್ಕೂ ದಾರದಲ್ಲಿ ಕಟ್ಟಿದ್ದ ರಟ್ಟಿನ ಚೀಟಿಗಳನ್ನು ಓದುತ್ತಿದ್ದಳು. ಠಾಣೆಯಲ್ಲಿ ಅವಳಿಗೆ ಜರಡಿ ಎಂದು ಹೆಸರು. ಯಾರು ಏನೇ ಹೇಳಿದರೂ ಒಮ್ಮೆ ಅಲ್ಲಾಡಿಸಿ ಹೊಟ್ಟು ಬೇರೆ ಮಾಡದೆ ಬಿಡದ ಹೆಂಗಸಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು. ಅವಳ ಎದುರಿಗೆ ಅನ್ನುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಭಾನುವಾರ ಬೆಳಗ್ಗೆ ಗುಡ್ಡದ ಇಳಿಜಾರಿನಲ್ಲಿ ಸೈಕಲಿನ ಮುಂದಿನ ಚಕ್ರ ಕುಸಿದು ಈ ಮನೆಯ ಮೇಷ್ಟ್ರು ತಲೆಕೆಳಗಾಗಿ ಬಿದ್ದಿದ್ದರು. ಇವತ್ತು ಬುಧವಾರ, ಆಸ್ಪತ್ರೆಯಲ್ಲಿ ಇನ್ನೂ ಎಚ್ಚರವಿಲ್ಲ. ಆ ಚಕ್ರ ಕಟ್ಟಿದ್ದು ನಾನೇ, ಸರಿಯಾಗಿ ಬಿಗಿ ಮಾಡಲಿಲ್ಲ, ತಪ್ಪು ನನ್ನದೇ ಎಂದು ಸೈಕಲ್ ಅಂಗಡಿಯ ಚಕ್ರದಕ್ಕ ತಾನಾಗಿ ಠಾಣೆಗೆ ಬಂದು ಬರೆದುಕೊಟ್ಟಿದ್ದಳು.

ಅದೇ ಜರಡಿಯ ಗಂಟಲಲ್ಲಿ ಇಳಿಯದೆ ನಿಂತಿದ್ದು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ, ಕದ್ದ ಮಾಲು ಕಂಕುಳಲ್ಲಿ ಇಟ್ಟುಕೊಂಡೇ ‘ನಾನಲ್ಲ’ ಅಂದವರನ್ನು ಅವಳು ಕಂಡಿದ್ದಳು. ಯಾರೂ ಕೇಳುವ ಮೊದಲೇ ‘ನಾನೇ’ ಎಂದು ಓಡಿ ಬಂದವರನ್ನು ಕಂಡಿರಲಿಲ್ಲ.

“ಸಾಹೇಬ್ರು ಮತ್ತೆ ಫೋನ್ ಮಾಡಿದ್ರು,” ಎಂದ ದಫೇದಾರ. “ಐದು ಗಂಟೆಗೆ ಫೈಲು ಟೇಬಲ್ ಮೇಲಿರಬೇಕಂತೆ. ಚಕ್ರದಕ್ಕನ್ನ ಅರೆಸ್ಟ್ ಮಾಡಿ, ಅಂಗಡಿಗೆ ಬೀಗ ಜಡಿದು ಬನ್ನಿ ಅಂದ್ರು. ಒಪ್ಕೊಂಡ ಮೇಲೂ ಜಾಲಾಡೋದೇನಿದೆ ಅಂತ.”

“ಈಗೆಷ್ಟು ಗಂಟೆ?”

“ಹನ್ನೆರಡೂ ಕಾಲು.”

“ಹಾಗಾದ್ರೆ ಇನ್ನೂ ಐದಾಗಿಲ್ಲ,” ಎಂದು ಜರಡಿ ಮುಂದಿನ ಚೀಟಿಗೆ ಕೈ ಹಾಕಿದಳು.

ಮೇಷ್ಟ್ರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅಕ್ಷರಗಳು ಅಳತೆಪಟ್ಟಿ ಇಟ್ಟು ಬರೆದ ಹಾಗಿದ್ದವು. ಮೊದಲ ಚಕ್ರದ ಚೀಟಿಯಲ್ಲಿ: ‘ಹೊಳಪು ಜಾಸ್ತಿ. ಹಿಂದಿನದರ ಜೊತೆ ನಿಂತರೆ ಮದುಮಗನ ಹಾಗೆ ಕಾಣುತ್ತದೆ.’ ನಾಲ್ಕನೆಯದರಲ್ಲಿ: ‘ಕಡ್ಡಿ ಒಂದು ಎಳೆ ದಪ್ಪ.’ ಹನ್ನೊಂದನೆಯದರಲ್ಲಿ: ‘ಎಲ್ಲ ಸರಿ. ತಿರುಗುವ ಸದ್ದು ಬೇರೆ. ಎರಡು ದಿನ ಸಹಿಸಿದೆ.’ ಎಲ್ಲ ಚೀಟಿಗಳ ಕೊನೆಗೂ ಒಂದೇ ಸಾಲು: ‘ಕಟ್ಟಿದ್ದು ಚಕ್ರದಕ್ಕ. ಅವಳ ಕೈಯಲ್ಲಿ ದೋಷವಿಲ್ಲ.’

ಬೀದಿಯವರೆಲ್ಲ ಅವರನ್ನು ಜೋಡಿ ಮೇಷ್ಟ್ರು ಎಂದು ಕರೆಯುವುದು ಸುಮ್ಮನೆ ಅಲ್ಲ. ಚಕ್ರ ಬದಲಾಯಿಸಿದರೆ ಬ್ರೇಕಿನ ರಬ್ಬರು ಹೊಂದುತ್ತಿರಲಿಲ್ಲ. ರಬ್ಬರು ತಂದರೆ ಹಿಡಿಕೆಯ ಬಣ್ಣ ಕಣ್ಣಿಗೆ ಚುಚ್ಚುತ್ತಿತ್ತು. ಹಿಡಿಕೆ ಹೊಸದಾದರೆ ಸೀಟಿನ ಚರ್ಮ ಹಳತಾಗಿ ಕಾಣುತ್ತಿತ್ತು. ಸೀಟು ಬಂದ ಮೇಲೆ ಮತ್ತೆ ಚಕ್ರದ ಮೇಲೇ ಕಣ್ಣು. ಬೆಲ್ಲಿನ ಮುಚ್ಚಳ ಸುತ್ತುವ ಸಣ್ಣ ತಿರುಪು ಸಹ ಉಳಿದ ತಿರುಪುಗಳ ಬಣ್ಣದ್ದೇ ಆಗಬೇಕು.

ಇದೆಲ್ಲದರ ಬೇರು ಹಿಂದಿನ ಚಕ್ರದಲ್ಲಿತ್ತು. ಅದರ ನಡುವಿನ ಹಬ್, ಎಂದರೆ ಕಡ್ಡಿಗಳೆಲ್ಲ ಬಂದು ಸೇರುವ ಉಕ್ಕಿನ ಗುಂಬ, ಎಂದೋ ಮುಚ್ಚಿಹೋದ ಒಂದು ಕಾರ್ಖಾನೆಯದು. ಆ ಕಾರ್ಖಾನೆಯವರು ಹಿಂದಿನದು ಮುಂದಿನದು ಜೋಡಿಯಾಗಿಯೇ ಮಾಡಿ, ಎರಡಕ್ಕೂ ಒಂದೇ ನಂಬರು ಹೊಡೆಯುತ್ತಿದ್ದರಂತೆ. ಮೇಷ್ಟ್ರಿಗೆ ಸಿಕ್ಕಿದ್ದು ಹಿಂದಿನ 417. ಅದರ ಜೊತೆಗಾರ, ಮುಂದಿನ 417, ಇದ್ದದ್ದು ಊರಿನ ಹಲ್ಲಿನ ಡಾಕ್ಟರ ಹತ್ತಿರ.

ಹನ್ನೊಂದು ವರ್ಷದಿಂದ ಇಬ್ಬರೂ ಗೆಳೆಯರು. ಭಾನುವಾರ ಬಂದರೆ ಜೊತೆಯಲ್ಲಿ ಸವಾರಿ. ನಿನ್ನದನ್ನು ನನಗೆ ಕೊಡು ಎಂದು ಇವರು ಕೇಳುವುದು, ಅವರು ನಗುವುದು. ಅವರು ಕೇಳುವುದು, ಇವರು ನಗುವುದು. ಕೊಡುವ ಮಾತು ಮಾತ್ರ ಇಬ್ಬರದೂ ಇಲ್ಲ. ನಿಜವಾದ ಜೋಡಿ ಸಿಗದ ಮೇಷ್ಟ್ರು ಅದನ್ನು ಹೋಲುವುದನ್ನು ಹುಡುಕುತ್ತಾ ಹುಡುಕುತ್ತಾ ಹತ್ತೊಂಬತ್ತು ಚಕ್ರ ಕಟ್ಟಿಸಿದ್ದರು.

“ಹುಚ್ಚು,” ಎಂದ ದಫೇದಾರ.

“ಹುಚ್ಚೇ,” ಎಂದಳು ಜರಡಿ. “ಆದ್ರೆ ಇಂಥ ಹುಚ್ಚು ನಮ್ಮ ಠಾಣೇಲಿ ನಾಕು ಜನಕ್ಕೆ ಹಿಡಿದಿದ್ರೆ ಒಂದು ಪಂಚನಾಮೆನೂ ತಪ್ಪಾಗ್ತಿರ್ಲಿಲ್ಲ.”

ಅವಳು ಅದನ್ನು ಮನಸ್ಸಿನಿಂದಲೇ ಹೇಳಿದಳು. ಓದದೆ ಸಹಿ ಹಾಕುವವರ ನಡುವೆ ಅರ್ಧ ಆಯಸ್ಸು ಕಳೆದವಳಿಗೆ, ಒಂದು ಎಳೆ ದಪ್ಪ ಹೆಚ್ಚಾಯಿತೆಂದು ನಿದ್ದೆ ಬಿಡುವ ಮನುಷ್ಯನ ಮೇಲೆ ಬಹಳ ಗೌರವ ಹುಟ್ಟಿತ್ತು.

ಏಳುವಾಗ ಅವಳ ಕಣ್ಣು ಒಂದು ಚಕ್ರದ ರಿಮ್ಮಿನಲ್ಲಿದ್ದ ತೂತಿಗೆ ನೇರವಾಯಿತು. ಟ್ಯೂಬಿನ ವಾಲ್ವ್ ಹೊರಬರಲು ಬಿಟ್ಟ ತೂತು. ಟೈರಿಲ್ಲದ್ದರಿಂದ ತೂತಿನ ಆಚೆ, ಚಕ್ರದ ನಟ್ಟನಡುವೆ, ಹಬ್ಬಿನ ಮೇಲೆ ಕೆತ್ತಿದ ಕಾರ್ಖಾನೆಯ ಹೆಸರು ಸ್ಪಷ್ಟವಾಗಿ ಕಂಡಿತು. ಕಿಟಕಿಯೊಳಗೆ ಯಾರೋ ಕುಳಿತ ಹಾಗೆ.

ಪಕ್ಕದ ಚಕ್ರದಲ್ಲಿ ನೋಡಿದಳು. ಅಲ್ಲೂ ಹೆಸರು ತೂತಿನ ನೇರಕ್ಕೇ ಇತ್ತು. ಅದರ ಪಕ್ಕದಲ್ಲಿ, ಅದರಾಚೆ, ಕೊನೆಯವರೆಗೆ ಹೋಗಿ ಇಣುಕಿದಳು.

“ಹತ್ತೊಂಬತ್ತಕ್ಕೆ ಹತ್ತೊಂಬತ್ತು,” ಎಂದಳು. “ದಫೇದಾರ್ರೇ, ಇದು ಅಕಸ್ಮಾತ್ ಆಗಿದ್ದಲ್ಲ. ಹೆಸರು ಈ ತೂತಿನ ನೇರಕ್ಕೆ ಬರೋ ಹಾಗೇ ಕಡ್ಡಿ ಹೆಣೆದಿದಾಳೆ.”

“ಅದರಿಂದ ಏನು ಲಾಭ?”

“ಏನೂ ಇಲ್ಲ. ಅದಕ್ಕೇ ಮುಖ್ಯ.”

ಸಾಲಿನ ಕೊನೆಯಲ್ಲಿ ಇಪ್ಪತ್ತನೆಯ ಮೊಳೆ. ಅದರಲ್ಲಿ ಚಕ್ರವಿರಲಿಲ್ಲ, ಚೀಟಿ ಮಾತ್ರ ತೂಗುತ್ತಿತ್ತು. ಶುಕ್ರವಾರದ ತಾರೀಖು. ಅದೇ ಅಳತೆಯ ಅಕ್ಷರ, ಆದರೆ ಸಾಲು ಸ್ವಲ್ಪ ನಡುಗಿತ್ತು: ‘ಜೋಡಿ ಸಿಕ್ಕಿತು. ಇನ್ನು ಹುಡುಕುವುದಿಲ್ಲ.’

ಕಟ್ಟಿದ್ದು ಯಾರು ಎಂದು ಆ ಚೀಟಿಯಲ್ಲಿ ಬರೆದಿರಲಿಲ್ಲ.

ಜರಡಿಯ ನಾಲಿಗೆ ಎಡದವಡೆಯ ಹಲ್ಲನ್ನು ಸವರತೊಡಗಿತು. ಹೋದ ವರ್ಷ ಅದೇ ಹಲ್ಲಿನ ಡಾಕ್ಟರು ತುಂಬಿಕೊಟ್ಟ ಹಲ್ಲು. ಪಕ್ಕದ ಹಲ್ಲಿನ ಬಣ್ಣಕ್ಕೆ ಎಷ್ಟು ಹೊಂದಿಸಿದ್ದರೆಂದರೆ ತುಂಬಿದ್ದು ಯಾವುದೆಂದು ಅವಳಿಗೇ ಮರೆತುಹೋಗುತ್ತಿತ್ತು. ಯೋಚನೆ ಹತ್ತಿದಾಗಲೆಲ್ಲ ನಾಲಿಗೆ ಅಲ್ಲಿಗೆ ಹೋಗುವುದು ಒಂದು ಚಾಳಿಯಾಗಿತ್ತು.

ಹೊರಡುವ ಮೊದಲು ಒಳಕೋಣೆಯ ಹೊಲಿಗೆ ಮಷೀನಿನ ಡ್ರಾಯರನ್ನೂ ಎಳೆದು ನೋಡಿದಳು. ಮೇಷ್ಟ್ರಮ್ಮ ಮೂವತ್ತು ವರ್ಷದಿಂದ ಮನೆಯಲ್ಲೇ ಬಟ್ಟೆ ಹೊಲಿಯುವವರು. ಮನೆಯ ಕೀಲಿಕೈ ಅವರೇ ಆಸ್ಪತ್ರೆಯಿಂದ ಕೊಟ್ಟು ಕಳಿಸಿದ್ದರು. ಡ್ರಾಯರಿನಲ್ಲಿ ದಾರದ ಉಂಡೆ, ಗುಂಡಿ, ಸೂಜಿಡಬ್ಬಿ. ಅವುಗಳ ಅಡಿಯಲ್ಲಿ, ರವಿಕೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಸಣ್ಣ ಉಕ್ಕಿನ ಕೀಲಿ. ಚಕ್ರದ ಕಡ್ಡಿಯನ್ನು ಬಿಗಿ ಮಾಡುವ ಕೀಲಿ.

ದಫೇದಾರನ ಹುಬ್ಬು ಮೇಲೆ ಹೋಯಿತು. “ಮನೆ ತುಂಬ ಚಕ್ರ, ನನಗೆ ಸಾಕಾಗಿಹೋಗಿದೆ ಅಂತ ಆಯಮ್ಮ ಪಕ್ಕದ ಮನೇಲಿ ಹೇಳ್ಕೋತಿದ್ರಂತೆ ಮೇಡಂ.”

ಜರಡಿ ಕೀಲಿಯನ್ನು ಬಟ್ಟೆಯ ಸಮೇತ ಜೇಬಿಗೆ ಹಾಕಿಕೊಂಡಳು.

ಠಾಣೆಯ ಹಿಂದಿನ ಶೆಡ್ಡಿನಲ್ಲಿ ಮೇಷ್ಟ್ರ ಸೈಕಲ್ಲು ಗೋಡೆಗೆ ಒರಗಿತ್ತು. ಮುಂದಿನ ಚಕ್ರ ಇಂಗ್ಲಿಷಿನ ಎಂಟು ಬರೆದಂತೆ ತಿರುಚಿಹೋಗಿತ್ತು. ಹಿಂದಿನ ಚಕ್ರಕ್ಕೆ ಒಂದು ಗೀರೂ ಇರಲಿಲ್ಲ. ಬೆರಳು ತಾಗಿಸಿದರೆ ಸದ್ದಿಲ್ಲದೆ ತಿರುಗುತ್ತಿತ್ತು. ವಾಲ್ವಿನ ನೇರಕ್ಕೆ ನೋಡಿದರೆ ಹೆಸರು, ಹೆಸರಿನ ಕೆಳಗೆ 417.

ಮುಂದಿನದರ ಟೈರು ಕಳಚಿ ಬಿದ್ದಿತ್ತು. ತೂತಿನಲ್ಲಿ ಇಣುಕಿದಳು. ಬರಿಯ ಉಕ್ಕು ಕಂಡಿತು. ಹೆಸರು ಎರಡು ಕಡ್ಡಿಯಷ್ಟು ಆಚೆಗಿತ್ತು.

ಹಬ್ ಸಾಧಾರಣದ್ದು, ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದು. ಆದರೆ ಯಾರೋ ಅದನ್ನು ದಿನಗಟ್ಟಲೆ ಕೈಯಿಂದ ಉಜ್ಜಿ, ಹಿಂದಿನ 417ರ ಹಳೆಯ ಮಂಕು ಹೊಳಪಿಗೆ ತಂದಿದ್ದರು. ಇದು ಡಾಕ್ಟರ ಹತ್ತಿರವಿದ್ದ ಜೋಡಿಯಲ್ಲ. ಹಾಗಿದ್ದೂ ಮೇಷ್ಟ್ರು ಜೋಡಿ ಸಿಕ್ಕಿತು ಎಂದು ಬರೆದಿದ್ದರು.

“ಪಾಪ, ಡಾಕ್ಟ್ರು ಸೋಮವಾರ ಬಂದಾಗ ಈ ಸೈಕಲ್ ನೋಡಿ ಕಣ್ಣೊರೆಸಿಕೊಂಡ್ರು,” ಎಂದ ದಫೇದಾರ. “ಮೇಷ್ಟ್ರು ಎದ್ದಾಗ ಇದನ್ನ ಹೀಗೆ ನೋಡಬಾರದು, ಕೇಸು ಮುಗಿದ ಮೇಲೆ ನನಗೆ ಕೊಡಿ, ನಾನೇ ಸರಿ ಮಾಡಿಸ್ತೀನಿ ಅಂದ್ರು. ಇದ್ರೆ ಅಂಥ ಸ್ನೇಹಿತರಿರಬೇಕು.”

ಡಾಕ್ಟರ ಹೇಳಿಕೆ ಫೈಲಿನಲ್ಲಿತ್ತು. ಗುಡ್ಡದ ಬುಡದಲ್ಲೇ ಅವರ ಕ್ಲಿನಿಕ್ಕು. ಶನಿವಾರ ಸಂಜೆ ಸೈಕಲನ್ನು ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಬಿಟ್ಟು, ಭಾನುವಾರ ಬೆಳಗ್ಗೆ ಅಲ್ಲಿಂದಲೇ ಇಬ್ಬರೂ ಹೊರಡುವುದು ರೂಢಿ. ಈ ಭಾನುವಾರ ಯಾರಿಗೋ ಹಲ್ಲುನೋವೆಂದು ಡಾಕ್ಟರು ಉಳಿದುಕೊಂಡರು, ಮೇಷ್ಟ್ರು ಒಬ್ಬರೇ ಹೋದರು. ಕೊನೆಯ ಸಾಲಿನಲ್ಲಿ ಡಾಕ್ಟರು, ‘ಆ ಹೆಂಗಸು ಮುಂದಿನ ಚಕ್ರವನ್ನು ಸರಿಯಾಗಿ ಕಟ್ಟಿಲ್ಲವೆಂದು ನನ್ನ ಅಭಿಪ್ರಾಯ’ ಎಂದು ಸೇರಿಸಿದ್ದರು.

ತುಂಡಾದ ಕಡ್ಡಿಗಳು ಏಳು. ಜರಡಿ ಅವನ್ನು ಕವರಿಗೆ ಹಾಕಿಕೊಂಡು, “ನಡೀರಿ, ಚಕ್ರದಕ್ಕನ ಅಂಗಡಿಗೆ,” ಎಂದಳು. “ಬೀಗ ಬೇಡ. ಜೀಪಲ್ಲೇ ಇರಲಿ.”

ಅಂಗಡಿ ಅಂದರೆ ಒಂದು ಉದ್ದನೆಯ ಕೋಣೆ. ಸೂರಿನ ಕಂಬಿಗಳಿಂದ ಚಕ್ರಗಳು ತೂಗುತ್ತಿದ್ದವು. ಚಕ್ರದಕ್ಕ ಬಾಗಿಲ ಬೆಳಕಿಗೆ ಕುಳಿತು, ಕವೆಗೆ ಸಿಕ್ಕಿಸಿದ ಚಕ್ರವನ್ನು ತಿರುಗಿಸುತ್ತಾ, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ, ತಲೆ ಓರೆ ಮಾಡಿ ಕೇಳುತ್ತಿದ್ದಳು. ಐವತ್ತರ ಹೆಂಗಸು; ಮೊಣಕೈವರೆಗೂ ಗ್ರೀಸು. ಇಂದು ಸಂಜೆ ಬೀಗ ಬೀಳುವ ಅಂಗಡಿಯಲ್ಲಿ ಯಾರದೋ ಚಕ್ರದ ಔಟ್, ಎಂದರೆ ಓಲಾಟ, ತೆಗೆಯುತ್ತಾ ಅಷ್ಟು ಸಮಾಧಾನದಿಂದ ಕೂರಲು ಎಂಥ ಎದೆ ಬೇಕು ಎಂದು ಜರಡಿಗೆ ಅನಿಸಿತು.

“ಕರ್ಕೊಂಡು ಹೋಗೋಕೆ ಬಂದ್ರಾ ಮೇಡಂ? ಇದೊಂದು ಮುಗಿಸಿಬಿಡ್ತೀನಿ. ಹಾಲಿನವರದು, ಬೆಳಗ್ಗೆ ಬೇಕು.”

“ಮುಗಿಸಿ. ಅವಸರ ಇಲ್ಲ.”

ಜರಡಿ ತೂಗುವ ಚಕ್ರಗಳ ಕೆಳಗೆ ನಡೆಯುತ್ತಾ ತೂತುಗಳಲ್ಲಿ ಇಣುಕಿದಳು. ಎಲ್ಲದರಲ್ಲೂ ಹೆಸರು ಕಾಯುತ್ತಾ ಕುಳಿತಿತ್ತು.

“ಈ ತೂತಿನ ನೇರಕ್ಕೆ ಹೆಸರು ಬರತ್ತಲ್ಲ. ಯಾಕೆ?”

ಚಕ್ರದಕ್ಕನ ಮುಖ ಅರಳಿತು. ಮೂರು ದಿನದಲ್ಲಿ ಅವಳನ್ನು ಯಾರೂ ಕೆಲಸದ ಮಾತು ಕೇಳಿರಲಿಲ್ಲ. “ಯಾಕೆ ಅಂದ್ರೆ? ಹಾಗೇ ಕಟ್ಬೇಕು.”

“ಹಾಗೆ ಕಟ್ಟದಿದ್ರೆ ಚಕ್ರ ಓಡಲ್ವಾ?”

“ಓಡದೇ ಏನು, ಚೆನ್ನಾಗೇ ಓಡತ್ತೆ. ಓಡಿಸೋರಿಗೆ ಗೊತ್ತೂ ಆಗಲ್ಲ. ಆದ್ರೆ ಕಟ್ಟಿದ ಕೈಗೆ ಗೊತ್ತಿರತ್ತಲ್ಲ. ನಮ್ಮಪ್ಪ ಅಂತೂ ಹೆಸರು ಒಂದು ಕಡ್ಡಿ ಅತ್ತಿತ್ತ ಆದ್ರೆ ಇಡೀ ಚಕ್ರ ಬಿಚ್ಚಿಸ್ತಿದ್ರು. ಅಳ್ತಾ ಅಳ್ತಾ ಬಿಚ್ಚಿದೀನಿ.”

“ಈಗ?”

“ಈಗ ನಾನೇ ಬಿಚ್ತೀನಿ. ಇಪ್ಪತ್ತಾರು ವರ್ಷ ಆಯ್ತು ಮೇಡಂ, ಹೆಸರು ತಪ್ಪಿದ ಚಕ್ರ ನನ್ನ ಕೈಯಿಂದ ಒಂದೂ ಹೊರಗೆ ಹೋಗಿಲ್ಲ.”

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಹೇಳಿದ್ದು ಕೇಳಿಸಿತು. ತಿರುಗುತ್ತಿದ್ದ ಚಕ್ರವನ್ನು ಅಂಗೈಯಿಂದ ಹಿಡಿದು ನಿಲ್ಲಿಸಿದಳು.

“ಮೇಷ್ಟ್ರ ಮುಂದಿನ ಚಕ್ರದಲ್ಲಿ ಹೆಸರು ಎರಡು ಕಡ್ಡಿ ಆಚೆಗಿದೆ,” ಎಂದಳು ಜರಡಿ.

“ಅವತ್ತು... ಕೈ ತಪ್ಪಿರಬೇಕು.”

“ಈಗ ತಾನೇ ಒಂದೂ ಇಲ್ಲ ಅಂದ್ರಿ. ಅದು ನೀವು ಹೇಳಿದ ನಿಜ. ಠಾಣೇಲಿ ಬರೆದುಕೊಟ್ಟಿದ್ದು ಸುಳ್ಳು.” ಜರಡಿ ರವಿಕೆಯ ತುಂಡನ್ನು ಬಿಚ್ಚಿ ಕೀಲಿಯನ್ನು ಬೆಂಚಿನ ಮೇಲಿಟ್ಟಳು. “ಇದು ಮೇಷ್ಟ್ರಮ್ಮನ ಹೊಲಿಗೆ ಮಷೀನಲ್ಲಿ ಸಿಕ್ತು. ಕಡ್ಡಿ ಬಿಗಿ ಮಾಡೋ ಕೀಲಿ ಸಡಿಲಾನೂ ಮಾಡತ್ತೆ. ನೀವು ಕಾಪಾಡ್ತಿರೋದು ಅವರನ್ನೇ ತಾನೆ?”

ಚಕ್ರದಕ್ಕ ಎದ್ದು ನಿಂತಳು. “ಸಡಿಲ ಮಾಡಿದ್ರಾ? ಅವರು? ಮೇಡಂ, ನಾಲಿಗೆ ಬಿಗಿ ಹಿಡೀರಿ! ನನ್ನ ಬೇಕಾದ್ರೆ ಜೈಲಿಗೆ ಹಾಕಿ, ಆ ತಾಯಿ ಮೇಲೆ ಅಂಥ ಮಾತು ಹಾಕ್ಬೇಡಿ.”

ದಫೇದಾರ ಬಾಯಿ ತೆರೆದ. ಜರಡಿ ಕೈ ಎತ್ತಿ ತಡೆದಳು. ಇನ್‌ಸ್ಪೆಕ್ಟರಿಗೆ ನಾಲಿಗೆ ಬಿಗಿ ಹಿಡಿ ಅನ್ನುವ ಹೆಂಗಸು ಅವಳಿಗೆ ಬಹಳ ಇಷ್ಟವಾದಳು.

“ಹಾಗಾದ್ರೆ ಆ ಕೀಲಿ ಅವರ ಹತ್ರ ಯಾಕಿತ್ತು?”

ಚಕ್ರದಕ್ಕ ಗ್ರೀಸಿನ ಬಟ್ಟೆಯಲ್ಲಿ ಕೈ ಒರೆಸಿಕೊಂಡಳು. ಕೈ ಮೊದಲಿಗಿಂತ ಕೊಳೆಯಾಯಿತು.

“ನಾಕು ತಿಂಗಳ ಹಿಂದೆ ಬಂದ್ರು,” ಎಂದಳು. “ಇಪ್ಪತ್ತನೇ ಚಕ್ರ ನಾನೇ ಕಟ್ತೀನಿ, ಕಲಿಸಿಕೊಡು ಅಂದ್ರು. ಆ ಕೀಲಿ ನಾನೇ ಕೊಟ್ಟಿದ್ದು. ನಗು ಬಂತು ನನಗೆ. ಆದ್ರೆ ಆ ಕೈ ನೋಡ್ಬೇಕಿತ್ತು ನೀವು! ಮೂವತ್ತು ವರ್ಷ ದಾರದ ಬಿಗಿ ನೋಡಿದ ಕೈ. ಬಟ್ಟೆ ಅಳತೆ ತಗೊಳ್ಳೋಕೆ ಹೋಗ್ತೀನಿ ಅಂತ ಗಂಡನಿಗೆ ಸುಳ್ಳು ಹೇಳಿ ದಿನಾ ಮಧ್ಯಾಹ್ನ ಬರ್ತಿದ್ರು. ಆ ಹಬ್ ಉಜ್ಜೋಕೇ ಒಂದು ತಿಂಗಳು. ಚಕ್ರ ಮುಗಿದ ಮೇಲೆ ನೋಡ್ತೀನಿ, ಹೆಸರು ಎರಡು ಕಡ್ಡಿ ಆಚೆ. ಹೊಸಬರು ಮಾಡೋ ತಪ್ಪು. ಬಿಚ್ಚಿ ಅನ್ಬೇಕಿತ್ತು. ಆ ಮುಖ ನೋಡಿ ನನಗೆ ಬಾಯಿ ಬರ್ಲಿಲ್ಲ.”

“ಆ ಚಕ್ರವೇ ಭಾನುವಾರ ಮುರೀತು.”

“ಅವರಿಗೆ ಗೊತ್ತಿಲ್ಲ. ಬ್ರೇಕಿನ ವಯರು ತುಂಡಾಯ್ತು, ಅದು ನಾನು ಹಾಕಿದ್ದು ಅಂತ ಹೇಳಿದೀನಿ.” ಅವಳ ದನಿ ಒಡೆಯಿತು. “ಮೇಡಂ, ಅಂಗಡಿ ಹೋದ್ರೆ ಹೋಗ್ಲಿ. ನನ್ನ ಹೆಸರು ಕೆಟ್ರೂ ಕೆಡ್ಲಿ. ತಾನು ಕಟ್ಟಿದ ಚಕ್ರವೇ ಗಂಡನ್ನ ಬೀಳಿಸ್ತು ಅಂತ ಗೊತ್ತಾದ್ರೆ ಅವರು ಬದುಕಲ್ಲ. ಅವರಿಗೆ ಹೇಳ್ಬೇಡಿ.”

“ಹೇಳೋದು ಬೇಡ,” ಎಂದಿತು ಬಾಗಿಲಿನಿಂದ ಒಂದು ದನಿ. “ಕೇಳಿಸ್ಕೊಂಡೆ.”

ಮೇಷ್ಟ್ರಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಬಗಲಲ್ಲಿ ಆಸ್ಪತ್ರೆಯ ಚೀಲ. ಗೋಡೆ ಹಿಡಿದುಕೊಂಡು ಒಳಗೆ ಬಂದು, ಕಡ್ಡಿ ಕಟ್ಟುವ ಸ್ಟೂಲಿನ ಮೇಲೆ, ನಾಲ್ಕು ತಿಂಗಳು ಕುಳಿತ ಜಾಗದಲ್ಲೇ ಕುಳಿತರು.

“ಶುಕ್ರವಾರ ಕೊಟ್ಟೆ ಅವರಿಗೆ,” ಎಂದರು, ಯಾರನ್ನೂ ನೋಡದೆ. “ಬೆಳಕಿಗೆ ಹಿಡಿದು ಆ ತೂತಿನಲ್ಲಿ ಇಣುಕಿದ್ರು. ಹೆಸರು ಕಾಣ್ಲಿಲ್ಲ. ಅವರಿಗೂ ಗೊತ್ತಾಯ್ತು, ನನಗೂ ಗೊತ್ತಾಯ್ತು. ಹತ್ತೊಂಬತ್ತು ಚಕ್ರಕ್ಕೆ ತಪ್ಪು ಹುಡುಕಿದ ಮನುಷ್ಯ, ಏನೂ ಅನ್ಲಿಲ್ಲ. ಇದೇ ಜೋಡಿ ಅಂದ್ರು. ಆಮೇಲೆ ನನ್ನ ಬೆರಳು ಹಿಡ್ಕೊಂಡು ಕೂತ್ಬಿಟ್ರು. ನನ್ನ ಮನಸ್ಸು ನೋಯಿಸಬಾರದು ಅಂತ ಹತ್ತಿದ್ರು ಆ ಸೈಕಲ್. ನಾನೇ ಬೀಳಿಸ್ದೆ ಅವರನ್ನ.”

ದಫೇದಾರ ಟೋಪಿ ತೆಗೆದು ಮುಖ ತಿರುಗಿಸಿದ. ಜರಡಿಗೆ ಸಿಟ್ಟು ಬಂತು. ಇಷ್ಟು ಒಳ್ಳೆಯ ಮೂವರು ಜನ ಒಂದು ಚಕ್ರದಲ್ಲಿ ಸೇರಿದ್ದಾಗ ಅದು ಸುಮ್ಮನೆ ಮುರಿಯಿತೆಂದು ನಂಬಲು ಅವಳ ಮನಸ್ಸು ಒಪ್ಪಲಿಲ್ಲ.

ಕವರನ್ನು ಬೆಂಚಿನ ಮೇಲೆ ಸುರಿದಳು. “ಚಕ್ರದಕ್ಕ, ಮುರಿದ ಕಡ್ಡಿ ನೀವು ನೋಡಿದೀರಾ?”

“ಎಲ್ಲಿ ನೋಡೋದು? ನಿಮ್ಮವರು ಎತ್ಕೊಂಡು ಹೋದ್ರಲ್ಲ.”

“ಈಗ ನೋಡಿ.”

ಚಕ್ರದಕ್ಕ ಒಂದು ತುಂಡು ಎತ್ತಿಕೊಂಡಳು. ಇನ್ನೊಂದು. ಅವಳ ಹಣೆ ಗಂಟಿಕ್ಕಿತು. ಏಳನ್ನೂ ಸಾಲಾಗಿ ಇಟ್ಟು, ಕನ್ನಡಕ ಹಾಕಿಕೊಂಡು, ಬಾಗಿಲ ಬೆಳಕಿಗೆ ಹೋದಳು.

“ಇದು ಸುಳ್ಳು ಜಾಗ,” ಎಂದಳು.

“ಅಂದ್ರೆ?”

“ಕಡ್ಡಿ ತಾನಾಗಿ ಮುರಿದ್ರೆ ಹಬ್ ಹತ್ರ, ಬಗ್ಗಿರೋ ಕಡೆ ಮುರಿಯತ್ತೆ. ಇಲ್ಲಾ ಈ ಕೊನೇಲಿ ನಟ್ಟು ಕೂರೋ ತಿರುಪಿನ ಗೆರೆ ಹತ್ರ. ಇದು ನೋಡಿ, ಏಳೂ ನಟ್ಟಿನಿಂದ ಒಂದು ಬೆರಳು ಈಚೆಗೆ. ಇಲ್ಲಿ ಕಡ್ಡಿ ಮುರಿದದ್ದು ನನ್ನ ಜನ್ಮದಲ್ಲಿ ಕಂಡಿಲ್ಲ.” ಹೆಬ್ಬೆರಳ ಉಗುರಿನಿಂದ ತುದಿಯನ್ನು ಸವರಿದಳು. “ಅರ್ಧ ಒರಟು, ಅರ್ಧ ನುಣುಪು. ಒರಟಾಗಿರೋದು ಹರಿದಿದ್ದು. ನುಣುಪಾಗಿರೋದು...”

“ಕೊಯ್ದಿದ್ದು,” ಎಂದಳು ಜರಡಿ.

“ಏಳಕ್ಕೂ ಅರ್ಧರ್ಧ ಕೊಯ್ದಿದಾರೆ! ಒಂದೇ ಕಡೆ, ಪಕ್ಕಪಕ್ಕದ ಕಡ್ಡಿ. ಸಮನಾದ ರಸ್ತೇಲಿ ತಡ್ಕೊಳ್ಳತ್ತೆ. ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಮುಗೀತು.” ಚಕ್ರದಕ್ಕ ತಿರುಗಿ, ಗ್ರೀಸಿನ ಕೈಯಲ್ಲೇ ಮೇಷ್ಟ್ರಮ್ಮನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. “ಅಮ್ಮಾ, ಕೇಳಿಸ್ತಾ? ನಿಮ್ಮ ಚಕ್ರ ಮುರೀಲಿಲ್ಲ. ಮುರಿಸಿದ್ರು! ನೀವು ಹಾಕಿದ ಬಿಗಿ ಒಂದೂ ಸಡಿಲ ಆಗಿಲ್ಲಮ್ಮಾ, ಏಳು ಕಡ್ಡಿ ಕೊಯ್ದ ಮೇಲೂ ಗುಡ್ಡದ ತುದಿವರೆಗೆ ಅವರನ್ನ ಹೊತ್ಕೊಂಡು ಹೋಗಿದೆ.”

ಮೇಷ್ಟ್ರಮ್ಮ ಅವಳ ಗ್ರೀಸಿನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತರು. ಮೂರು ದಿನದಿಂದ ತಡೆದಿಟ್ಟ ಅಳು ಇಬ್ಬರದೂ ಒಟ್ಟಿಗೆ ಬಂತು.

“ಗಟ್ಟಿ ಇತ್ತಾ ನನ್ನ ಚಕ್ರ?”

“ಕಲ್ಲಿನ ಹಾಗಿತ್ತು.”

ಜರಡಿ ಒಂದು ತುಂಡನ್ನು ಭೂತಗನ್ನಡಿಯಲ್ಲಿ ನೋಡುತ್ತಿದ್ದಳು. “ಹಾಗಾದ್ರೆ ಮೇಷ್ಟ್ರ ಕಣ್ಣಿಗೆ ಇದು ಯಾಕೆ ಬೀಳಲಿಲ್ಲ? ಬೆಲ್ಲಿನ ತಿರುಪಿನ ಬಣ್ಣ ನೋಡೋ ಮನುಷ್ಯ.”

ಉತ್ತರ ಕೊಯ್ದ ಜಾಗದಲ್ಲೇ ಇತ್ತು. ನುಣುಪಾದ ಅಂಚಿಗೆ ಬೂದುಬಣ್ಣದ ಏನೋ ಒಂದು ಚೂರು ಅಂಟಿತ್ತು. ಕೊಯ್ದ ಗೀರನ್ನು ಯಾರೋ ಅದರಿಂದ ತುಂಬಿ, ಉಜ್ಜಿ, ಕಡ್ಡಿಯ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಹೊಂದಿಸಿದ್ದರು.

“ಬಣ್ಣಾನಾ ಇದು?”

ಚಕ್ರದಕ್ಕ ಉಗುರಿನಿಂದ ಕೆರೆದಳು. ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದಳು. ಕೊನೆಗೆ ಚೂಪಾದ ಮೊಳೆಯಿಂದ ತಿವಿದಳು. “ಬಣ್ಣ ಅಲ್ಲ. ಬಣ್ಣ ಆಗಿದ್ರೆ ಎದ್ದು ಬರ್ತಿತ್ತು. ಮೆಕ್ಯಾನಿಕ್ ಅಂಗಡೀಲಿ ಗೀರು ಮುಚ್ಚೋಕೆ ಹಚ್ಚೋ ಯಾವ ಲಪ್ಪವೂ ಅಲ್ಲ. ಏನು ಗಟ್ಟಿ ಇದೆ ಮೇಡಂ! ಒಳ್ಳೇ ಹಲ್ಲಿನ ಹಾಗೆ.”

ಜರಡಿಯ ನಾಲಿಗೆ ಆಗಲೇ ಎಡದವಡೆಯಲ್ಲಿತ್ತು. ಅಲ್ಲೇ ನಿಂತುಬಿಟ್ಟಿತು.

ಪಕ್ಕದ ಹಲ್ಲಿಗೆ ಅಷ್ಟು ಚೆನ್ನಾಗಿ ಹೊಂದಿಸಿ ತುಂಬಿದ ಹಲ್ಲು. ಶನಿವಾರ ರಾತ್ರಿಯೆಲ್ಲ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿದ್ದ ಸೈಕಲ್ಲು. ಇನ್ನು ಹುಡುಕುವುದಿಲ್ಲ ಎಂದು ತೀರ್ಮಾನಿಸಿ, ಹಿಂದಿನ 417 ಎಂದೆಂದಿಗೂ ಬಿಟ್ಟುಕೊಡದ ಮೇಷ್ಟ್ರು. ಮುಂದಿನ ಚಕ್ರ ಚಿಂದಿಯಾದರೂ ಒಂದು ಗೀರೂ ಬೀಳದ ಹಿಂದಿನ ಚಕ್ರ. ಕೇಸು ಮುಗಿದ ಮೇಲೆ ಸೈಕಲ್ ನನಗೆ ಕೊಡಿ ಎಂದು ಕಣ್ಣೊರೆಸಿಕೊಂಡ ಗೆಳೆಯ.

“ಅಮ್ಮಾ,” ಎಂದಳು, ದನಿಯನ್ನು ಆದಷ್ಟು ಮೆತ್ತಗೆ ಇಟ್ಟುಕೊಂಡು. “ಮೇಷ್ಟ್ರ ಹತ್ರ ಈಗ ಯಾರಿದಾರೆ?”

ಮೇಷ್ಟ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ತಲೆ ಎತ್ತಿದರು. ಮೂರು ದಿನದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗುವಿನಂಥದ್ದು ಕಂಡಿತು.

“ಅದನ್ನ ಹೇಳೋಕೇ ಓಡಿ ಬಂದೆ ನಾನು! ಒಂದು ಗಂಟೆ ಹಿಂದೆ ಅವರು ಕಣ್ಣು ಬಿಟ್ರು. ತುಟಿ ಅಲ್ಲಾಡಿಸಿದ್ರು, ಏನೋ ಹೇಳೋಕೆ ನೋಡ್ತಿದಾರೆ. ನಮ್ಮ ಹಲ್ಲಿನ ಡಾಕ್ಟ್ರಿಗೆ ಫೋನ್ ಮಾಡ್ದೆ, ಪಾಪ, ಆ ಕ್ಷಣಾನೇ ಬಂದ್ರು. ಬಿದ್ದಾಗ ಮುಂದಿನ ಹಲ್ಲು ಎರಡು ಮುರಿದಿವೆಯಲ್ಲ, ನೋಡ್ತೀನಿ ಅಂತ ಸಾಮಾನಿನ ಪೆಟ್ಟಿಗೇನೂ ತಂದಿದಾರೆ. ನೀವು ಹೋಗಿ ಸುಧಾರಿಸ್ಕೊಳ್ಳಿ ಅಂತ ನನ್ನ ಬಲವಂತ ಮಾಡಿ ಕಳಿಸಿದ್ರು. ಮುಗಿಯೋವರೆಗೆ ಯಾರೂ ಒಳಗೆ ಬರಬೇಡಿ ಅಂತ ನರ್ಸಿಗೂ ಹೇಳಿ, ಬಾಗಿಲು ಹಾಕ್ಕೊಂಡಿದಾರೆ.”